ಹನ್ನೊಂದು ಹೆಜ್ಜೆಗೆ ಅರ್ಧ ಗೇಣು ಕಮ್ಮಿ

ಅಪ್ಪ ಧಾರವಾಡದ ಹೈಸ್ಕೂಲೊಂದರಲ್ಲಿ 31 ವರ್ಷ ಪಿ.ಟಿ. ಮಾಸ್ತರಾಗಿದ್ದವರು. ಟೇಪು ಕೈಗೆ ಸಿಗದಿದ್ದರೆ ಮೈದಾನವನ್ನು ಹೆಜ್ಜೆ ಹಾಕಿಯೇ ಅಳೆಯುತ್ತಿದ್ದರು. ಅವರ ಒಂದು ಹೆಜ್ಜೆ ಅಂದರೆ ಮುಕ್ಕಾಲು ಮೀಟರ್. ಈಗ ವಯಸ್ಸು 71. ಆ ಹೆಜ್ಜೆ ಇನ್ನೂ ಕೂದಲೆಳೆ ತಪ್ಪಿಲ್ಲ ಅಂತ ಅವರ ನಂಬಿಕೆ.

ಕಳೆದ ಅಕ್ಟೋಬರ್‌ನಲ್ಲಿ ಶಿಕಾಗೋ ಪಕ್ಕದ ನಮ್ಮ ಮನೆಗೆ ಬಂದಿದ್ದರು. ನಯಾಗರಾಕ್ಕೆ ಹೋಗೋಣ ಅಂದೆ. "ಜೋಗ ನೋಡೇನಲ್ಲವಾ. ನೀರು ಎಲ್ಲಾ ಕಡೆ ಕೆಳಗಽ ಬೀಳತೈತಿ" ಅಂದರು. ಅವರಿಗೆ ಬೇಕಾಗಿದ್ದು ಜೆಸ್ಸಿ ಓವೆನ್ಸ್, 1936ರ ಬರ್ಲಿನ್ ಒಲಿಂಪಿಕ್ಸ್‌ನಲ್ಲಿ ನಾಲ್ಕು ಚಿನ್ನ ಗೆದ್ದ ಅಮೆರಿಕದ ಕಪ್ಪು ಓಟಗಾರ. ಪ್ರತಿ ವರ್ಷ ಎಂಟನೇ ಕ್ಲಾಸಿನ ಹುಡುಗರಿಗೆ ಅವನ ಕಥೆ ಹೇಳಿದವರು ಅವರು. ಓವೆನ್ಸ್ ಸಮಾಧಿ ಶಿಕಾಗೋದಲ್ಲೇ ಇದೆ ಅಂತ ಗೊತ್ತಾದಾಗ ಕುರ್ಚಿಯಿಂದ ಎದ್ದೇ ಬಿಟ್ಟರು. ಅಷ್ಟಕ್ಕೇ ಯಾಕೆ ನಿಲ್ಲಿಸಬೇಕು, ಅವನಂಥ ಕಪ್ಪು ಆಟಗಾರರ ಜಾಗಗಳನ್ನು ನೋಡುತ್ತ ಒಂದು ದೊಡ್ಡ ಸುತ್ತೇ ಹಾಕೋಣ ಅಂದೆ. ಗಂಡನಿಗೆ ರಜೆ ಸಿಗಲಿಲ್ಲ. ಹೀಗಾಗಿ ಅಪ್ಪ, ನಾನು, ಒಂದು ಬುತ್ತಿ.

ಮೊದಲ ದಿನ: ಗ್ಲೆನ್‌ವುಡ್, ಇಂಡಿಯಾನಾಪೊಲಿಸ್

ಬೆಳಗ್ಗೆ ಓವೆನ್ಸ್ ಸಮಾಧಿ ನೋಡಿ ಮುಂದೆ ಹೋಗೋದು ಅಂತ ಪ್ಲಾನ್ ಇತ್ತು. ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಪುಡಿ ಕಟ್ಟುವಷ್ಟರಲ್ಲಿ ಹತ್ತೂವರೆ ಆಯಿತು. ಅದನ್ನು ವಾಪಸ್ ಬರುವಾಗ ನೋಡೋಣ ಅಂತ ಬಿಟ್ಟು, ಸೀದಾ ಶಿಕಾಗೋದ ದಕ್ಷಿಣಕ್ಕಿರುವ ಮೌಂಟ್ ಗ್ಲೆನ್‌ವುಡ್ ಸ್ಮಶಾನಕ್ಕೆ ಹೋದೆವು. ಅಲ್ಲಿ ಮಾರ್ಷಲ್ ಟೇಲರ್ ಮಲಗಿದ್ದಾನೆ. ಜಗತ್ತಿಗೆ ಅವನು 'ಮೇಜರ್' ಟೇಲರ್.

ಅಪ್ಪ ಈ ಹೆಸರು ಕೇಳಿರಲಿಲ್ಲ. ನಿಜ ಹೇಳಬೇಕೆಂದರೆ ನಾನೂ ಕೇಳಿರಲಿಲ್ಲ. 1878ರಲ್ಲಿ ಇಂಡಿಯಾನಾಪೊಲಿಸ್‌ನಲ್ಲಿ ಹುಟ್ಟಿದವನು. ಅವನ ಅಪ್ಪ ಒಬ್ಬ ಶ್ರೀಮಂತ ಬಿಳಿಯರ ಮನೆಯಲ್ಲಿ ಕುದುರೆಗಾಡಿ ಹೊಡೆಯುತ್ತಿದ್ದ. ಆ ಮನೆಯಿಂದಲೇ ಹುಡುಗನಿಗೆ ಒಂದು ಸೈಕಲ್ ಸಿಕ್ಕಿತು. ಮುಂದೆ ಸೈಕಲ್ ಅಂಗಡಿಯೊಂದು ಅವನಿಗೆ ಸಿಪಾಯಿ ಡ್ರೆಸ್ ಹಾಕಿಸಿ ಬಾಗಿಲ ಮುಂದೆ ಸರ್ಕಸ್ ಮಾಡಿಸುತ್ತಿತ್ತು. ಮೇಜರ್ ಅನ್ನೋ ಹೆಸರು ಬಂದಿದ್ದು ಹಾಗೆ. 1899ರಲ್ಲಿ ಮಾಂಟ್ರಿಯಲ್‌ನಲ್ಲಿ ಒಂದು ಮೈಲಿ ಸ್ಪ್ರಿಂಟ್ ಗೆದ್ದು ವಿಶ್ವ ಚಾಂಪಿಯನ್ ಆದ. ಕಪ್ಪು ಜನಾಂಗದಲ್ಲಿ ಅವನಿಗಿಂತ ಮೊದಲು ಯಾವುದೇ ಆಟದಲ್ಲಿ ವಿಶ್ವ ಚಾಂಪಿಯನ್ ಆಗಿದ್ದವನು ಕೆನಡಾದ ಬಾಕ್ಸರ್ ಜಾರ್ಜ್ ಡಿಕ್ಸನ್ ಒಬ್ಬನೇ.

ಗೆಲ್ಲುವುದು ಸುಲಭ ಇರಲಿಲ್ಲ. ಉಳಿದವರು ಸೇರಿಕೊಂಡು ಅವನನ್ನು ನಡುವೆ ಸಿಕ್ಕಿಸುತ್ತಿದ್ದರು. 1897ರಲ್ಲಿ ಮ್ಯಾಸಚೂಸೆಟ್ಸ್‌ನ ಟಾಂಟನ್‌ನಲ್ಲಿ ರೇಸ್ ಮುಗಿದ ಮೇಲೆ ಎದುರಾಳಿಯೊಬ್ಬ ಅವನನ್ನು ಕೆಳಕ್ಕೆಳೆದು ಪ್ರಜ್ಞೆ ತಪ್ಪುವವರೆಗೆ ಕುತ್ತಿಗೆ ಹಿಸುಕಿದ. ಇಷ್ಟೆಲ್ಲ ಗೆದ್ದವನು ಕೊನೆಗೆ ತಾನೇ ಖರ್ಚು ಹಾಕಿ ಅಚ್ಚು ಮಾಡಿಸಿದ ಆತ್ಮಕಥೆಯನ್ನು ಮನೆಮನೆಗೆ ಹೋಗಿ ಮಾರಿದ. 1932ರಲ್ಲಿ ಶಿಕಾಗೋದ ಆಸ್ಪತ್ರೆಯ ಧರ್ಮಾರ್ಥ ವಾರ್ಡಿನಲ್ಲಿ ತೀರಿಕೊಂಡ. ಗುರುತಿಗೆ ಒಂದು ಕಲ್ಲೂ ಇಲ್ಲದ ಬಡವರ ಗುಂಡಿಯಲ್ಲಿ ಹೂಳಿದರು. 1948ರಲ್ಲಿ ಹಳೆಯ ಸೈಕಲ್ ರೇಸರ್‌ಗಳು ಸೇರಿ, ಶ್ವಿನ್ ಸೈಕಲ್ ಕಂಪನಿಯ ಮಾಲೀಕ ಫ್ರ್ಯಾಂಕ್ ಶ್ವಿನ್ ದುಡ್ಡು ಕೊಟ್ಟು, ಅವನನ್ನು ಈಗಿನ ಜಾಗಕ್ಕೆ ತಂದರು.

ಕಂಚಿನ ಫಲಕದ ಮೇಲೆ ಮೇಪಲ್ ಎಲೆಗಳು ಬಿದ್ದಿದ್ದವು. ಅಪ್ಪ ಕೂತು ಕೈಯಿಂದ ಸರಿಸಿದರು. ಮನಸ್ಸಿನಲ್ಲಿ ದ್ವೇಷ ಇಟ್ಟುಕೊಳ್ಳದೆ ಕಷ್ಟದಿಂದ ಮೇಲೆ ಬಂದ ಚಾಂಪಿಯನ್, ತನ್ನ ಜನಾಂಗಕ್ಕೆ ಕೀರ್ತಿ ತಂದವನು ಅಂತೆಲ್ಲ ಅದರಲ್ಲಿ ಬರೆದಿದೆ. ನಾನು ಓದಿ ಹೇಳಿದೆ. "ದ್ವೇಷ ಇರಲಿಲ್ಲ ಅಂತ ಇವರಿಗೆ ಯಾರ ಹೇಳಿದ್ರು?" ಅಂತ ಕೇಳಿದರು.

ಆಮೇಲೆ 65ನೇ ಹೈವೇ. ಎರಡೂ ಕಡೆ ಕೊಯ್ಲಾದ ಜೋಳದ ಹೊಲ, ನಡುವೆ ಗಾಳಿಯಂತ್ರಗಳ ಸಾಲು, ಗದಗಿನ ಕಪ್ಪತಗುಡ್ಡದ ಕಡೆ ಇರುವಂಥವೇ. ಇಂಡಿಯಾನಾಪೊಲಿಸ್ ತಲುಪಿದಾಗ ಫೋನು ತಾನಾಗಿ ಒಂದು ಗಂಟೆ ಮುಂದೆ ಹೋಯಿತು. ಅಪ್ಪ ಮಾತ್ರ ಕೈಗಡಿಯಾರ ಬದಲಿಸಲಿಲ್ಲ. ಪ್ರವಾಸ ಮುಗಿಯುವವರೆಗೂ ಅವರು ಶಿಕಾಗೋ ಟೈಮಿನಲ್ಲೇ ಇದ್ದರು.

ಎರಡನೇ ದಿನ: ಇಂಡಿಯಾನಾಪೊಲಿಸ್

ಪೇಟೆ ನಡುವೆ ಐದು ಅಂತಸ್ತಿನ ಗೋಡೆ ತುಂಬ ಟೇಲರ್ ಚಿತ್ರ ಇದೆ. ಅವನ ಹೆಸರಿನ ವೆಲೋಡ್ರೋಮ್, ಅಂದರೆ ಸೈಕಲ್ ರೇಸಿನ ಮೈದಾನ ಕೂಡ ಇದೆ, 1982ರದ್ದು. ಅಲ್ಲಿ ಜಾಸ್ತಿ ಹೊತ್ತು ನಿಲ್ಲಲಿಲ್ಲ. ಯಾರೂ ಓಡಿಸುತ್ತಿರಲಿಲ್ಲ. ಖಾಲಿ ಟ್ರ್ಯಾಕು ಎಷ್ಟು ಹೊತ್ತು ನೋಡೋದು.

ಅಪ್ಪ ಗಟ್ಟಿಯಾಗಿ ನಿಂತಿದ್ದು ಕ್ರಿಸ್ಪಸ್ ಅಟಕ್ಸ್ ಹೈಸ್ಕೂಲ್ ಮುಂದೆ. ಸ್ಕೂಲ್ ನಡೆಯುತ್ತಿತ್ತು, ನಾವು ಹೊರಗಿನಿಂದಲೇ ನೋಡಿದೆವು. ಕೆಂಪು ಇಟ್ಟಿಗೆಯ ದೊಡ್ಡ ಕಟ್ಟಡ. 1927ಕ್ಕೆ ಮೊದಲು ಈ ಊರಿನ ಹೈಸ್ಕೂಲುಗಳಲ್ಲಿ ಕಪ್ಪು ಹುಡುಗರೂ ಬಿಳಿ ಹುಡುಗರೂ ಒಟ್ಟಿಗೇ ಓದುತ್ತಿದ್ದರು. ಆ ವರ್ಷ ಇದನ್ನು ತೆರೆದು ಕಪ್ಪು ಹುಡುಗರನ್ನೆಲ್ಲ ಇಲ್ಲಿಗೆ ಸೇರಿಸಿದರು. ರಾಜ್ಯದ ಹೈಸ್ಕೂಲ್ ಕ್ರೀಡಾ ಸಂಘ ಇವರನ್ನು ಟೂರ್ನಿಗೆ ಬಿಟ್ಟುಕೊಳ್ಳಲಿಲ್ಲ. ಕಾರಣ ಏನು ಗೊತ್ತಾ? ಇದು ಎಲ್ಲರಿಗೂ ತೆರೆದ ಶಾಲೆ ಅಲ್ಲವಂತೆ! 1942ರವರೆಗೆ ಹೀಗೇ ನಡೆಯಿತು.

1955ರಲ್ಲಿ ಅಟಕ್ಸ್ ಹುಡುಗರು ಬಾಸ್ಕೆಟ್‌ಬಾಲ್ ರಾಜ್ಯ ಚಾಂಪಿಯನ್ ಆದರು. ಕೋಚ್ ರೇ ಕ್ರೋವ್. ತಂಡದಲ್ಲಿ ಆಸ್ಕರ್ ರಾಬರ್ಟ್‌ಸನ್. ಫೈನಲ್‌ನಲ್ಲಿ ಎದುರಿಗಿದ್ದ ಗ್ಯಾರಿ ರೂಸ್‌ವೆಲ್ಟ್ ಕೂಡ ಕಪ್ಪು ಹುಡುಗರ ಶಾಲೆಯೇ. ಸ್ಕೋರು 97–74. ಎಲ್ಲರಿಗೂ ತೆರೆದ ರಾಜ್ಯ ಟೂರ್ನಿಯನ್ನು ಬರೀ ಕಪ್ಪು ಹುಡುಗರ ಶಾಲೆಯೊಂದು ಗೆದ್ದಿದ್ದು ಇಡೀ ಅಮೆರಿಕದಲ್ಲೇ ಅದು ಮೊದಲು. ಇದರ ಮೇಲೆ ಒಂದು ತಮಾಷೆ: ಇವರ ಸ್ವಂತ ಜಿಮ್ ಎಷ್ಟು ಚಿಕ್ಕದೆಂದರೆ 'ಹೋಂ' ಮ್ಯಾಚುಗಳನ್ನು ಬೇರೆಯವರ ಅಂಗಳದಲ್ಲಿ ಆಡುತ್ತಿದ್ದರು.

ಗೆದ್ದ ತಂಡವನ್ನು ಫೈರ್ ಎಂಜಿನ್ ಮೇಲೆ ಕೂರಿಸಿ ಪೇಟೆ ನಡುವಿನ ಮಾನ್ಯುಮೆಂಟ್ ಸರ್ಕಲ್‌ಗೆ ಕರೆತಂದು ಸಂಭ್ರಮ ಮಾಡೋದು ಅಲ್ಲಿನ ರೂಢಿ. ಅಟಕ್ಸ್ ಹುಡುಗರನ್ನು ಸರ್ಕಲ್‌ಗೆ ತಂದರು, ಒಂದು ಸುತ್ತು ಹಾಕಿಸಿದರು, ಮತ್ತೆ ಕಪ್ಪು ಜನರ ಕೇರಿಯ ಪಾರ್ಕಿಗೆ ಕಳಿಸಿಬಿಟ್ಟರು. ಪೇಟೆಯಲ್ಲಿ ಗಲಾಟೆ ಆದೀತು ಅಂತ ಭಯ. ರಾಬರ್ಟ್‌ಸನ್‌ಗೆ ಆ ನೋವು ಎಷ್ಟೋ ವರ್ಷ ಹೋಗಲಿಲ್ಲ. ಮುಂದಿನ ವರ್ಷ ಒಂದೂ ಮ್ಯಾಚ್ ಸೋಲದೆ ಮತ್ತೆ ಗೆದ್ದರು.

ನಾವೂ ಸರ್ಕಲ್‌ಗೆ ಹೋದೆವು. ಅಪ್ಪ ಕಾರಿನಿಂದಿಳಿದು ಸುತ್ತು ಹಾಕಿದರು. ವಾಪಸ್ ಬಂದು ಹೆಜ್ಜೆ ಲೆಕ್ಕ ಹೇಳಲಿಲ್ಲ. "ಟ್ರೋಫಿ ಗೆದ್ದ ಹುಡುಗರಿಗೆ ಒಂದಽ ಸುತ್ತು?" ಅಂದರು. ಇವರು ಮಾಸ್ತರಾಗಿದ್ದಾಗ ತಾಲ್ಲೂಕು ಮಟ್ಟದ ಖೋಖೋ ಗೆದ್ದರೂ ಹುಡುಗರನ್ನು ಬ್ಯಾಂಡ್ ಬಾರಿಸಿಕೊಂಡು ಲೈನ್ ಬಜಾರ್ ಪೂರ್ತಿ ಮೆರೆಸುತ್ತಿದ್ದರು.

ಮೂರನೇ ದಿನ: ಲೂಯಿವಿಲ್, ಲೆಕ್ಸಿಂಗ್ಟನ್

ಹಿಂದಿನ ರಾತ್ರಿಯೇ ಲೂಯಿವಿಲ್‌ಗೆ ಬಂದಿದ್ದೆವು. ಬುಕ್ ಮಾಡಿದ ರೂಮು ಇಲ್ಲ ಅಂದರು, ಹನ್ನೊಂದು ಗಂಟೆಗೆ ಇನ್ನೊಂದು ಹುಡುಕಿಕೊಂಡೆವು. ಅದು ಬಿಡಿ.

ಚರ್ಚಿಲ್ ಡೌನ್ಸ್ ಅಂದರೆ ಕೆಂಟುಕಿ ಡರ್ಬಿ ನಡೆಯುವ ಕುದುರೆ ರೇಸಿನ ಮೈದಾನ. ಪಕ್ಕದಲ್ಲೇ ಡರ್ಬಿ ಮ್ಯೂಸಿಯಂ. 1875ರ ಮೇ 17ರಂದು ಮೊದಲ ಡರ್ಬಿ ನಡೆದಾಗ 15 ಜಾಕಿಗಳಲ್ಲಿ, ಅಂದರೆ ರೇಸಿನ ಸವಾರರಲ್ಲಿ, 13 ಮಂದಿ ಕಪ್ಪು ಜನ. ಗೆದ್ದ ಕುದುರೆ ಅರಿಸ್ಟೈಡೀಸ್, ಸವಾರ ಆಲಿವರ್ ಲೂಯಿಸ್. ಕುದುರೆ ಪಳಗಿಸಿದ ಆನ್ಸೆಲ್ ವಿಲಿಯಮ್ಸನ್ ಹುಟ್ಟಿದ್ದು ಗುಲಾಮನಾಗಿ. ಮೊದಲ 28 ಡರ್ಬಿಗಳಲ್ಲಿ 15ನ್ನು ಗೆದ್ದಿದ್ದು ಕಪ್ಪು ಜಾಕಿಗಳು.

ಅಪ್ಪ ಅಲ್ಲೇ ನಿಂತುಬಿಟ್ಟರು. "ಅಲ್ಲವಾ, ಮೊದಲನೇ ಸಲಕ್ಕಽ ಹದಿಮೂರು ಮಂದಿ ಇದ್ರು ಅಂದ್ರ, ಆಮ್ಯಾಲೆ ಎಲ್ಲಿ ಹೋದ್ರು?"

ಇಡೀ ಪ್ರವಾಸದ ಪ್ರಶ್ನೆ ಅದೇ ಆಯಿತು. ನಾನು ಮನೆಯಿಂದ ಹೊರಟಾಗ ತಲೆಯಲ್ಲಿದ್ದ ಚಿತ್ರ ಬೇರೆ. ಮೊದಲು ಬಾಗಿಲು ಮುಚ್ಚಿತ್ತು, ಆಮೇಲೆ ಒಬ್ಬೊಬ್ಬರೇ ಧೈರ್ಯವಂತರು ಬಂದು ತೆಗೆಸಿದರು ಅಂತ. ಹಾಗಲ್ಲ. ಬಾಗಿಲು ಎಷ್ಟೋ ಕಡೆ ತೆರೆದೇ ಇತ್ತು. ಕಪ್ಪು ಜನ ಒಳಗಿದ್ದರು, ಗೆಲ್ಲುತ್ತಿದ್ದರು. ಗೆಲ್ಲೋದರಲ್ಲಿ ದುಡ್ಡು, ಹೆಸರು ಬರೋಕೆ ಶುರುವಾದ ಮೇಲೆ ಹೊರಗೆ ಹಾಕಿ ಚಿಲಕ ಹಾಕಿದರು. ಜಾಕಿಗಳ ವಿಷಯದಲ್ಲಿ ಆಗಿದ್ದು ಅದೇ. ಬಿಳಿ ಜಾಕಿಗಳು ಗುಂಪು ಕಟ್ಟಿ ಇವರ ಕುದುರೆಗಳನ್ನು ಬೇಲಿಗೆ ಒತ್ತುತ್ತಿದ್ದರು, ಚಾವಟಿ ಬೀಸುತ್ತಿದ್ದರು. ಪೆಟ್ಟಾಗುವ ಕುದುರೆಗೆ ಯಾವ ಮಾಲೀಕ ದುಡ್ಡು ಹಾಕ್ತಾನೆ? ಕಪ್ಪು ಜಾಕಿಗೆ ಸವಾರಿ ಸಿಗೋದು ನಿಂತಿತು. 1921ರ ನಂತರ 2000ದವರೆಗೆ ಡರ್ಬಿಯಲ್ಲಿ ಒಬ್ಬನೇ ಒಬ್ಬ ಕಪ್ಪು ಜಾಕಿ ಇರಲಿಲ್ಲ. ಸೈಕಲ್ ಕಥೆಯೂ ಇದೇ. 'ಬಿಳಿಯರು ಮಾತ್ರ' ಅಂತ ಅಮೆರಿಕದ ಸೈಕಲ್ ಸವಾರರ ಸಂಘ 1894ರಲ್ಲಿ ನಿಯಮ ಮಾಡಿದ್ದು ಇದೇ ಲೂಯಿವಿಲ್ ಊರಿನಲ್ಲಿ. ಅದನ್ನು ವಾಪಸ್ ತೆಗೆದುಕೊಂಡಿದ್ದು 1999ರಲ್ಲಿ!

ಡರ್ಬಿ ಗೆದ್ದ ಕೊನೆಯ ಕಪ್ಪು ಜಾಕಿ ಜಿಮ್ಮಿ ವಿಂಕ್‌ಫೀಲ್ಡ್. 1901, 1902 ಎರಡೂ ವರ್ಷ ಗೆದ್ದ. ಇಲ್ಲಿ ಕೆಲಸ ಸಿಗದೆ ರಷ್ಯಾಕ್ಕೆ ಹೋದ, ಅಲ್ಲಿ ರಾಜನ ಹಾಗೆ ಬಾಳಿದ. ಕ್ರಾಂತಿಯ ಕಾಲದಲ್ಲಿ ಕುದುರೆಗಳ ಹಿಂಡು ಹೊಡೆದುಕೊಂಡು ಒಡೆಸ್ಸಾದಿಂದ ಪೋಲೆಂಡ್‌ವರೆಗೆ ಬಂದು, ಕೊನೆಗೆ ಫ್ರಾನ್ಸ್‌ನಲ್ಲಿ ನೆಲೆ ನಿಂತ. 1961ರಲ್ಲಿ ಡರ್ಬಿ ಸಮಯದ ಔತಣಕ್ಕೆ ಅಂತ ಲೂಯಿವಿಲ್‌ಗೆ ಕರೆಸಿದರೆ, ಹೋಟೆಲಿನ ಮುಂಬಾಗಿಲಿನಲ್ಲೇ ತಡೆದರು. ಆಗ ಅವನಿಗೆ ಎಂಬತ್ತರ ಹತ್ತಿರ ವಯಸ್ಸು.

ಊಟದ ಹೊತ್ತಿಗೆ ಕಾರಿನಲ್ಲಿ ಬುತ್ತಿ ಬಿಚ್ಚಿದೆವು. ಅಪ್ಪ ರೊಟ್ಟಿ ಮುರಿಯುತ್ತ ಬಾಳೂ ಕಥೆ ತೆಗೆದರು. ಪಲ್ವಂಕರ್ ಬಾಳೂ 1876ರಲ್ಲಿ ನಮ್ಮ ಧಾರವಾಡದಲ್ಲೇ ಹುಟ್ಟಿದವನು, ಚಮ್ಮಾರ ಕುಲದವನು, ಎಡಗೈ ಸ್ಪಿನ್ನರ್. ಪುಣೆಯಲ್ಲಿ ಹಿಂದೂ ತಂಡಕ್ಕೆ ಅವನ ಬೌಲಿಂಗ್ ಬೇಕಿತ್ತು. ಮೈದಾನದಲ್ಲಿ ಅವನು ಮುಟ್ಟಿದ ಚೆಂಡನ್ನೇ ಎಲ್ಲರೂ ಮುಟ್ಟುತ್ತಿದ್ದರು. ಚಹಾ ಹೊತ್ತಿಗೆ ಮಾತ್ರ ಅವನಿಗೆ ಹೊರಗೆ, ಮಣ್ಣಿನ ಕುಡಿಕೆಯಲ್ಲಿ. 1911ರಲ್ಲಿ ಇಂಗ್ಲೆಂಡಿಗೆ ಹೋಗಿ 114 ವಿಕೆಟ್ ತೆಗೆದ. ಆದರೂ ಹಿಂದೂ ತಂಡಕ್ಕೆ ಕ್ಯಾಪ್ಟನ್ ಮಾಡಲಿಲ್ಲ. "ನಾ ಇಷ್ಟು ವರ್ಷ ಹುಡುಗರಿಗೆ ಓವೆನ್ಸ್ ಕಥಿ ಹೇಳಿದ್ನಿ. ಬಾಳೂದು ಒಮ್ಮೆನೂ ಹೇಳಲಿಲ್ಲ. ನನಗಽ ಗೊತ್ತಿರಲಿಲ್ಲ" ಅಂದರು. ಮತ್ತೆ ತುಂಬ ಹೊತ್ತು ಮಾತಾಡಲಿಲ್ಲ.

ಮಧ್ಯಾಹ್ನ ಲೆಕ್ಸಿಂಗ್ಟನ್‌ನ ಕೆಂಟುಕಿ ಹಾರ್ಸ್ ಪಾರ್ಕ್. ಐಸಾಕ್ ಮರ್ಫಿ ಸಮಾಧಿ ಅಲ್ಲಿದೆ. 1884, 1890, 1891, ಮೂರು ಡರ್ಬಿ ಗೆದ್ದವನು. ತಾನು ಓಡಿಸಿದ 1,412 ರೇಸುಗಳಲ್ಲಿ 628 ಗೆದ್ದೆ ಅಂತ ಅವನದೇ ಲೆಕ್ಕ. ತೂಕ ಇಳಿಸೋಕೆ ಉಪವಾಸ ಬಿದ್ದು ಬಿದ್ದು ಶರೀರ ಸವೆಸಿಕೊಂಡ. 1896ರಲ್ಲಿ ನ್ಯುಮೋನಿಯಾ ಬಂದು ಸತ್ತಾಗ 35. ಕಪ್ಪು ಜನರ ಸ್ಮಶಾನದಲ್ಲಿ ಹೂಳಿದ ಜಾಗವೇ ಮರೆತುಹೋಗಿತ್ತು. 1960ರ ದಶಕದಲ್ಲಿ ಒಬ್ಬ ಪತ್ರಕರ್ತ ಹಟ ಹಿಡಿದು ಹುಡುಕಿ ತೆಗೆದ.

ಈಗ ಅವನು ಮಲಗಿರೋದು ಮ್ಯಾನ್ ಓ' ವಾರ್ ಅನ್ನೋ ಪ್ರಸಿದ್ಧ ಕುದುರೆಯ ಸಮಾಧಿ ಹತ್ತಿರ. ಕುದುರೆಗೆ ಆಳೆತ್ತರ ಮೀರಿದ ಕಂಚಿನ ಪ್ರತಿಮೆ. ಎಲ್ಲರೂ ಅದರ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಮಜಾ ಅಂದರೆ ಆ ಕುದುರೆ ಹುಟ್ಟಿದ್ದು 1917ರಲ್ಲಿ. ಮರ್ಫಿ ಅದನ್ನು ಕಂಡೇ ಇಲ್ಲ. ಅವನನ್ನು ಇಲ್ಲಿಗೆ ತಂದಿದ್ದು ಗೌರವಕ್ಕೇ ಇರಬಹುದು. ನನಗೇನೋ ಸರಿ ಕಾಣಲಿಲ್ಲ. ಅವನ ಹೆಂಡತಿ ಲೂಸಿ ಇನ್ನೂ ಆ ಹಳೆಯ ಸ್ಮಶಾನದಲ್ಲೇ ಇದ್ದಾಳೆ.

ನಾಲ್ಕನೇ ದಿನ: ಸೇಂಟ್ ಲೂಯಿಸ್

ಬರೀ ಡ್ರೈವಿಂಗ್. ಒಂದು ಗಂಟೆ ವಾಪಸ್ ಸಿಕ್ಕಿತು, ಅಪ್ಪನ ಗಡಿಯಾರ ಮತ್ತೆ ಸರಿಯಾಯಿತು. ವಾಷಿಂಗ್ಟನ್ ಯೂನಿವರ್ಸಿಟಿಯ ಫ್ರಾನ್ಸಿಸ್ ಫೀಲ್ಡ್‌ನಲ್ಲಿ ಇಳಿದೆವು. 1904ರ ಒಲಿಂಪಿಕ್ಸ್ ನಡೆದ ಮೈದಾನ. ಜಾರ್ಜ್ ಪೋಜ್ ಇಲ್ಲಿ 200 ಮತ್ತು 400 ಮೀಟರ್ ಹರ್ಡಲ್ಸ್ ಎರಡರಲ್ಲೂ ಕಂಚು ಗೆದ್ದ. ಒಲಿಂಪಿಕ್ ಪದಕ ಗೆದ್ದ ಮೊದಲ ಆಫ್ರಿಕನ್-ಅಮೆರಿಕನ್ ಅವನೇ. ನೋಡೋಕೆ ಬಂದವರನ್ನು ಬಣ್ಣ ನೋಡಿ ಬೇರೆ ಬೇರೆ ಕೂರಿಸುತ್ತಾರೆ ಅಂತ ಕಪ್ಪು ಜನರ ಮುಖಂಡರು ಆ ಕ್ರೀಡಾಕೂಟವನ್ನು ಬಹಿಷ್ಕರಿಸಲು ಹೇಳಿದ್ದರು. ಪೋಜ್ ಓಡಿದ. ಮುಂದೆ ಸುಮಾರು 30 ವರ್ಷ ಶಿಕಾಗೋದ ಅಂಚೆ ಕಚೇರಿಯಲ್ಲಿ ಗುಮಾಸ್ತನಾಗಿದ್ದ. ಕಿಟಕಿಯಲ್ಲಿ ಸ್ಟ್ಯಾಂಪ್ ತೊಗೊಂಡವರಿಗೆ ಏನು ಗೊತ್ತಿರುತ್ತೆ, ಅಲ್ವಾ?

ಐದನೇ ದಿನ: ಕಾನ್ಸಾಸ್ ಸಿಟಿ

ನನಗೆ ಬೇಸ್‌ಬಾಲ್ ಅರ್ಥ ಆಗಲ್ಲ. ಅಪ್ಪನಿಗೆ ಎರಡು ದಿನದಲ್ಲೇ ಅರ್ಥ ಆಗಿತ್ತು. ಕ್ಯಾಚರ್ ಅಂದರೆ ಕೂತಲ್ಲೇ ಕೂರುವ ವಿಕೆಟ್ ಕೀಪರ್ ಅಂತ ನನಗೇ ಹೇಳಿಕೊಟ್ಟರು.

ಹದಿನೆಂಟನೇ ರಸ್ತೆ ಮತ್ತು ವೈನ್ ರಸ್ತೆ ಸೇರುವಲ್ಲಿ ನೀಗ್ರೋ ಲೀಗ್ಸ್ ಬೇಸ್‌ಬಾಲ್ ಮ್ಯೂಸಿಯಂ ಇದೆ. ಕಪ್ಪು ಆಟಗಾರರು ಬೇರೆಯಾಗಿ ಆಡುತ್ತಿದ್ದ ಲೀಗ್‌ಗಳ ಮ್ಯೂಸಿಯಂ. ಒಳಗೆ ಹೋದ ತಕ್ಷಣ ಒಂದು ಮೈದಾನ ಕಾಣುತ್ತೆ. ಆಟಗಾರರ ಆಳೆತ್ತರದ ಕಂಚಿನ ಪ್ರತಿಮೆಗಳು ತಮ್ಮ ತಮ್ಮ ಜಾಗದಲ್ಲಿ ನಿಂತಿವೆ. ಎಸೆಯೋಕೆ ಸ್ಯಾಚೆಲ್ ಪೇಜ್, ಹಿಡಿಯೋಕೆ ಜೋಶ್ ಗಿಬ್ಸನ್. ಆದರೆ ಒಳಗೆ ಕಾಲಿಡೋ ಹಾಗಿಲ್ಲ. ನಡುವೆ ತಂತಿ ಜಾಲರಿ, ನಮ್ಮಲ್ಲಿ ಕೋಳಿ ಗೂಡಿಗೆ ಹಾಕ್ತಾರಲ್ಲ, ಅಂಥದ್ದು. ಇಡೀ ಮ್ಯೂಸಿಯಂ ಸುತ್ತಿ, ಎಲ್ಲ ಓದಿ ಮುಗಿಸಿದ ಮೇಲೇ ಮೈದಾನದ ಬಾಗಿಲು. ಅಪ್ಪ ಜಾಲರಿಗೆ ಬೆರಳು ಸಿಕ್ಕಿಸಿಕೊಂಡು ನಿಂತರು. ಪಕ್ಕದಲ್ಲಿದ್ದ ಒಬ್ಬ ಚಿಕ್ಕ ಹುಡುಗನೂ ಹಾಗೇ ನಿಂತಿದ್ದ.

ಅಪ್ಪನ ಪ್ರಶ್ನೆಗೆ ಇಲ್ಲಿಯೂ ಅದೇ ಉತ್ತರ. 1947ರ ಏಪ್ರಿಲ್ 15ರಂದು ಜಾಕಿ ರಾಬಿನ್ಸನ್ ಬ್ರೂಕ್ಲಿನ್ ತಂಡಕ್ಕೆ ಆಡಿ, ಬರೀ ಬಿಳಿಯರದ್ದಾಗಿದ್ದ ಮೇಜರ್ ಲೀಗ್‌ನ, ಅಂದರೆ ಬೇಸ್‌ಬಾಲ್‌ನ ಎಲ್ಲಕ್ಕಿಂತ ಮೇಲಿನ ಮಟ್ಟದ, ಬಾಗಿಲು ತೆಗೆಸಿದ್ದು ಎಲ್ಲರಿಗೂ ಗೊತ್ತು. 63 ವರ್ಷ ಮೊದಲು, 1884ರಲ್ಲಿ, ಮೋಸೆಸ್ ಫ್ಲೀಟ್‌ವುಡ್ ವಾಕರ್ ಟೊಲೆಡೊ ತಂಡಕ್ಕೆ ಕ್ಯಾಚರ್ ಆಗಿ ಮೇಜರ್ ಲೀಗ್‌ನಲ್ಲಿ 42 ಮ್ಯಾಚ್ ಆಡಿದ್ದ. ಅದಕ್ಕೂ ಹಿಂದಿನ ವರ್ಷ ಶಿಕಾಗೋದ ಸ್ಟಾರ್ ಕ್ಯಾಪ್ ಆನ್ಸನ್, ಇವನಿದ್ದರೆ ನಾವು ಆಡಲ್ಲ ಅಂತ ಹಟ ಹಿಡಿದ. ಗೇಟಿನ ದುಡ್ಡು ಹೋಗುತ್ತೆ ಅಂದ ಮೇಲೆ ಆಡಿದ! 1887ರಲ್ಲಿ ಮತ್ತೆ ಅದೇ ಹಟ, ನೆವಾರ್ಕ್ ತಂಡದ ಎದುರು. ಅದೇ ದಿನ, ಒಂದು ಮಟ್ಟ ಕೆಳಗಿನ ಇಂಟರ್‌ನ್ಯಾಷನಲ್ ಲೀಗ್‌ನವರು ಇನ್ನು ಮುಂದೆ ಕಪ್ಪು ಆಟಗಾರರನ್ನು ತೆಗೆದುಕೊಳ್ಳಲ್ಲ ಅಂತ ವೋಟು ಹಾಕಿದರು. ಮೇಜರ್ ಲೀಗ್‌ನಲ್ಲಿ ಅಂಥ ಕಾಗದವೂ ಬೇಕಾಗಲಿಲ್ಲ. ಎಲ್ಲರಿಗೂ ಗೊತ್ತಿತ್ತು, ಅಷ್ಟೇ.

ಹೊರಗೆ ಹಾಕಿಸಿಕೊಂಡವರು ಸುಮ್ನೆ ಕೂರಲಿಲ್ಲ. ಮ್ಯೂಸಿಯಂನಿಂದ ನಡೆದುಹೋಗುವಷ್ಟು ದೂರದಲ್ಲಿ ಪಾಸಿಯೋ ವೈಎಂಸಿಎ ಕಟ್ಟಡ ಇದೆ. 1920ರ ಫೆಬ್ರುವರಿ 13ರಂದು ಕಪ್ಪು ತಂಡವೊಂದರ ಮಾಲೀಕ ರೂಬ್ ಫಾಸ್ಟರ್ ಬೇರೆ ತಂಡಗಳ ಮಾಲೀಕರನ್ನು ಕೂರಿಸಿಕೊಂಡು ನೀಗ್ರೋ ನ್ಯಾಷನಲ್ ಲೀಗ್ ಕಟ್ಟಿದ್ದು ಅಲ್ಲೇ. ಎಂಟು ತಂಡ. ಈ ಊರಿನ ತಂಡ ಮೊನಾರ್ಕ್ಸ್ 1930ರಲ್ಲೇ ಲಾರಿ ಮೇಲೆ ದೀಪದ ಕಂಬ ಹೇರಿಕೊಂಡು ಊರೂರು ಸುತ್ತಿ ರಾತ್ರಿ ಮ್ಯಾಚ್ ಆಡಿತು. ಮೇಜರ್ ಲೀಗ್‌ಗೆ ದೀಪ ಬರೋಕೆ ಇನ್ನೂ ಐದು ವರ್ಷ ಬೇಕಾಯಿತು.

ಮೊನಾರ್ಕ್ಸ್‌ನ ಬಕ್ ಓ'ನೀಲ್ ಹೇಳುತ್ತಿದ್ದ ಒಂದು ಪ್ರಸಂಗ. 1945ರಲ್ಲಿ ರಾಬಿನ್ಸನ್ ಆ ತಂಡದಲ್ಲಿದ್ದ. ಒಕ್ಲಹಾಮಾದ ಮಸ್ಕೋಗಿಯಲ್ಲಿ ಯಾವಾಗಲೂ ಬಸ್ಸಿಗೆ ಪೆಟ್ರೋಲ್ ಹಾಕಿಸುತ್ತಿದ್ದ ಬಂಕ್ ಒಂದಿತ್ತು. ಅಲ್ಲಿ ಕಪ್ಪು ಜನ ಶೌಚಾಲಯಕ್ಕೆ ಹೋಗೋ ಹಾಗಿರಲಿಲ್ಲ. ಉಳಿದವರಿಗೆ ಅಭ್ಯಾಸವಾಗಿಹೋಗಿತ್ತು. ರಾಬಿನ್ಸನ್ ಎದ್ದು ಹೋದ. ಬಂಕ್‌ನವನು ತಡೆದ. ಹಾಗಾದರೆ ಪೈಪು ತೆಗಿ, ನಿನ್ನ ಪೆಟ್ರೋಲ್ ಬೇಡ ಅಂದ ರಾಬಿನ್ಸನ್. ಬಸ್ಸಿಗೆ 50 ಗ್ಯಾಲನ್‌ನ ಎರಡು ಟ್ಯಾಂಕು. ಅಷ್ಟು ವ್ಯಾಪಾರ ಬಿಡೋಕೆ ಅವನಿಗೆ ಮನಸ್ಸಾಗಲಿಲ್ಲ. ಅಂದಿನಿಂದ ಶೌಚಾಲಯ ಇಲ್ಲದ ಕಡೆ ತಂಡ ಪೆಟ್ರೋಲ್ ಹಾಕಿಸಲಿಲ್ಲ.

"ಆನ್ಸನ್ ಗೇಟಿನ ರೊಕ್ಕಕ್ಕ ಬಗ್ಗಿದ, ಇಂವಾ ಎಣ್ಣಿ ರೊಕ್ಕಕ್ಕ ಬಗ್ಗಿದ" ಅಂದರು ಅಪ್ಪ.

ಗಿಬ್ಸನ್ 1947ರ ಜನವರಿಯಲ್ಲಿ 35ನೇ ವಯಸ್ಸಿಗೆ ಸತ್ತ. ರಾಬಿನ್ಸನ್ ಬ್ರೂಕ್ಲಿನ್‌ಗೆ ಆಡೋಕೆ ಇನ್ನು ಮೂರೇ ತಿಂಗಳಿತ್ತು. 2024ರಲ್ಲಿ ನೀಗ್ರೋ ಲೀಗ್‌ಗಳ ಲೆಕ್ಕವನ್ನು ಮೇಜರ್ ಲೀಗ್ ದಾಖಲೆಗೆ ಸೇರಿಸಿದರು. ಅವನ ಬ್ಯಾಟಿಂಗ್ ಸರಾಸರಿ .372, ಟೈ ಕಾಬ್‌ನ .367 ದಾಟಿ ಮೊದಲ ಸ್ಥಾನಕ್ಕೆ ಬಂತು. ಸತ್ತು 77 ವರ್ಷ ಆದ ಮೇಲೆ.

ಕೊನೆಗೆ ಮೈದಾನದ ಬಾಗಿಲು ಬಂತು. ಅಪ್ಪ ಸೀದಾ ಗಿಬ್ಸನ್ ಹಿಂದೆ ಹೋಗಿ ಅಂಪೈರ್ ಹಾಗೆ ಬಗ್ಗಿ ನಿಂತರು. ಪೇಜ್ ಕೈ ನೋಡಿ "ಈ ಚೆಂಡು ಒಳಗ ಬರತೈತಿ" ಅಂತ ಘೋಷಿಸಿದರು.

ಆರನೇ, ಏಳನೇ ದಿನ: ಮತ್ತೆ ಶಿಕಾಗೋ

ಆರನೇ ದಿನ ಪೂರ್ತಿ ರಸ್ತೆ. ರೊಟ್ಟಿ ಮುಗಿದಿತ್ತು, ಬಾಳೆಹಣ್ಣು ಮತ್ತು ಮೊಸರಲ್ಲಿ ಕಾಲ ಹಾಕಿದೆವು.

ಏಳನೇ ದಿನ ಮಧ್ಯಾಹ್ನ ಓಕ್ ವುಡ್ಸ್ ಸ್ಮಶಾನ. ಓವೆನ್ಸ್ ಕೊಳದ ಹತ್ತಿರ ಮಲಗಿದ್ದಾನೆ, ಕಲ್ಲಿನ ಮೇಲೆ ಒಲಿಂಪಿಕ್ ಉಂಗುರಗಳು. ಬರ್ಲಿನ್‌ನ ನಾಲ್ಕು ಚಿನ್ನ ಎಲ್ಲರಿಗೂ ಗೊತ್ತು. ಅಷ್ಟು ಗೆದ್ದು ಬಂದವನು ನ್ಯೂಯಾರ್ಕ್‌ನಲ್ಲಿ ತನ್ನದೇ ಸನ್ಮಾನಕ್ಕೆ ಸಾಮಾನು ಸಾಗಿಸುವ ಲಿಫ್ಟ್‌ನಲ್ಲಿ ಹೋಗಬೇಕಾಯಿತು, ಹೊಟ್ಟೆಪಾಡಿಗೆ ಕುದುರೆಗಳ ಜೊತೆ ಓಡಿದ. ಇದನ್ನು ಅಪ್ಪ ಎಂಟನೇ ಕ್ಲಾಸಿಗೆ ಹೇಳುತ್ತಿರಲಿಲ್ಲವಂತೆ.

ಕ್ಯಾಪ್ ಆನ್ಸನ್ ಸಮಾಧಿ ಇರೋದೂ ಇದೇ ಸ್ಮಶಾನದಲ್ಲಿ. ಅಷ್ಟೇ ಅಲ್ಲ, 1920ರಿಂದ 1944ರಲ್ಲಿ ಸಾಯುವವರೆಗೆ ಬೇಸ್‌ಬಾಲ್ ಕಮಿಷನರ್ ಆಗಿದ್ದ ಕೆನೆಸಾ ಲ್ಯಾಂಡಿಸ್ ಕೂಡ ಇಲ್ಲೇ. ಅವನ ಕಾಲದಲ್ಲಿ ಮೇಜರ್ ಲೀಗ್‌ಗೆ ಒಬ್ಬ ಕಪ್ಪು ಆಟಗಾರನೂ ಬರಲಿಲ್ಲ. ಆನ್ಸನ್ ಕಲ್ಲಿನ ಮೇಲೆ 'ಅವನು ಆಟ ಆಡಿದ' ಅಂತ ಬರೆದಿದೆ. ಅಪ್ಪ ಅರ್ಥ ಕೇಳಿ "ಖರೇನಽ ಐತಿ" ಅಂತ ಮುಂದೆ ನಡೆದರು.

ಮತ್ತೆ ಓವೆನ್ಸ್ ಹತ್ತಿರ ಬಂದೆವು. ಅಪ್ಪ ದಾರಿಯ ಅಂಚಿನಿಂದ ಒಂದು ಕಲ್ಲು ಹೆಕ್ಕಿ ಕೆಳಗಿಟ್ಟರು. 1935ರ ಮೇ 25ರಂದು ಆ್ಯನ್ ಆರ್ಬರ್‌ನಲ್ಲಿ ಓವೆನ್ಸ್ ಮುಕ್ಕಾಲು ಗಂಟೆಯೊಳಗೆ ಮೂರು ವಿಶ್ವ ದಾಖಲೆ ಮುರಿದು ಒಂದನ್ನು ಸರಿಗಟ್ಟಿದ್ದ. ಅವತ್ತು ಹಾರಿದ ಉದ್ದ ಜಿಗಿತ 8.13 ಮೀಟರ್. 25 ವರ್ಷ ಯಾರೂ ಅದನ್ನು ದಾಟಲಿಲ್ಲ. ಅಪ್ಪ ಕಲ್ಲಿನಿಂದ ಹೆಜ್ಜೆ ಎಣಿಸುತ್ತ ಹೊರಟರು. ಹನ್ನೊಂದಕ್ಕೆ ನಿಂತರು. ಬಗ್ಗಿ, ಹೆಬ್ಬೆರಳು ಕಿರುಬೆರಳು ಚಾಚಿ, ಅರ್ಧ ಗೇಣು ಹಿಂದಕ್ಕೆ ಅಳೆದು ಇನ್ನೊಂದು ಕಲ್ಲಿಟ್ಟರು.

ಇಬ್ಬರೂ ಎರಡು ಕಲ್ಲುಗಳ ನಡುವಿನ ಜಾಗ ನೋಡಿದೆವು. ನಮ್ಮ ಕಾರಿಗಿಂತ ಎಷ್ಟೋ ಉದ್ದ.

"ಇಷ್ಟು?" ಅಂದೆ.

"ಇಷ್ಟು" ಅಂದರು.

ಹಿಂದೆ ಒಂದು ಗಾಡಿ ನಿಧಾನಕ್ಕೆ ಬರುತ್ತಿತ್ತು. ಅಪ್ಪ ಎರಡೂ ಕಲ್ಲು ಎತ್ತಿ ದಾರಿ ಬದಿಗೆ ಹಾಕಿ, ಕೈ ಝಾಡಿಸಿಕೊಂಡರು.